ಕಣ್ಣಿಗೊತ್ತಿಕೊಂಡ ಚೆಂಡು

7 ಫೆಬ್ರವರಿ 1999, ಭಾನುವಾರ

ಪಂಪ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಒಂದು ತಿಂಗಳಿಂದ ಗಲ್ಲಾಪೆಟ್ಟಿಗೆಯ ಮೇಲೆ ಧೂಳು ತಿನ್ನುತ್ತಿತ್ತು. ಇವತ್ತು ಬರೆಯಲು ಕಾರಣ ಸಿಕ್ಕಿದೆ. ಏಳು ಗುಂಡಿಗೆ ಮೂವತ್ತೊಂಬತ್ತು ಹೊಡೆತ! ನಾಲ್ವರಲ್ಲಿ ನಾನೇ ಮೊದಲು. ಮೂರನೇ ಗುಂಡಿಯ ಹತ್ತಿರ ಕೋಲು ಬೀಸಿದಾಗ ಚೆಂಡು ನಾಲ್ಕು ಬೆರಳಷ್ಟೇ ಉರುಳಿತು. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ, ಏಕೆಂದರೆ ಸರಿಯಾಗಿ ಅದೇ ಹೊತ್ತಿಗೆ ಒಂದು ಎಮ್ಮೆ ಕೂಗಿತು. ಎಮ್ಮೆ ಕೂಗಿದ್ದಕ್ಕೆ ನಾನು ದಂಡ ತೆರಬೇಕೆ?

ತಿ. ನರಸೀಪುರದಲ್ಲಿ ಪಂಪ್‌ಸೆಟ್ಟು, ಪೈಪು ಮಾರಿಕೊಂಡಿರುವ ಮೂಗೂರಿನ ಅಮೃತೇಶ ನಲವತ್ತಾರನೇ ವಯಸ್ಸಿನಲ್ಲಿ ಗಾಲ್ಫ್ ಆಡುತ್ತಾನೆಂದರೆ ಊರಲ್ಲಿ ನಗದವರಿಲ್ಲ. ಮುಂದೆ ಓದಿದಾಗ ನನಗೂ ನಗು ಬರಲಿ ಎಂದು ಬರೆದಿಡುತ್ತೇನೆ. ಈ ಹುಚ್ಚು ಹತ್ತಿಸಿದವನು ಚಿಕ್ಕಸ್ವಾಮಿ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಆಫೀಸರ್. ಪೈಪು ಕೊಳ್ಳಲು ಬಂದು ಪರಿಚಯವಾದವನು. ಅವನ ಮ್ಯಾನೇಜರು ತಮ್ಮ ಹಳೇ ಕೋಲುಗಳ ಚೀಲವನ್ನು ಅವನಿಗೆ ಕೊಟ್ಟಿದ್ದರು. ಕಲಿಸುವ ಗುರು ಹೆಡತಲೆಯ ದೇವಯ್ಯನವರು, ನಿವೃತ್ತ ಹವಾಲ್ದಾರ್. ಸೈನ್ಯದಲ್ಲಿದ್ದಾಗ ಹತ್ತು ವರ್ಷ ನೀಲಗಿರಿಯಲ್ಲಿ ಅಧಿಕಾರಿಗಳ ಗಾಲ್ಫ್ ಮೈದಾನ ನೋಡಿಕೊಂಡು, ನೋಡಿ ನೋಡಿಯೇ ಆಟ ಕಲಿತವರು. ನಾಲ್ಕನೆಯವರು ನಮ್ಮೂರ ಹಲ್ಲಿನ ಡಾಕ್ಟರು ಮದನ್. ನನಗಿಂತ ಹದಿನೈದು ವರ್ಷ ಚಿಕ್ಕವರು, ಆದರೂ ಕೈ ಬಹಳ ನಯ.

ಭತ್ತ ಕುಯ್ದ ಮೇಲೆ ನಾಲೆಗೆ ನೀರು ಬಿಡುವ ತನಕ ದೇವಯ್ಯನವರ ಎರಡು ಎಕರೆಯೇ ನಮ್ಮ ಮೈದಾನ. ದೊಡ್ಡ ಊರಿನವರು ಗ್ರೀನ್ ಎನ್ನುವ ನುಣುಪು ಜಾಗಕ್ಕೆ ನಮ್ಮಲ್ಲಿ ಸಗಣಿ ಸಾರಿಸಿದ ಕಣ, ಅದರ ನಡುವೆ ಹೂತ ಡಾಲ್ಡಾ ಡಬ್ಬ. ಕಡಿಮೆ ಹೊಡೆತದಲ್ಲಿ ಚೆಂಡು ಡಬ್ಬಕ್ಕೆ ಇಳಿಸಿದವನು ಗೆದ್ದ. ಗದ್ದೆಯ ಬದುವಿಗೆ ಒತ್ತಿಕೊಂಡು ನಿಂತ ಚೆಂಡನ್ನು ಹೊಡೆಯಲು ದೇವರಿಗೂ ಆಗುವುದಿಲ್ಲವಾದ್ದರಿಂದ, ಅಂಥ ಚೆಂಡನ್ನು ಕೈಯಲ್ಲಿ ಎತ್ತಿ ಒಂದು ಕೋಲಿನಷ್ಟು ಈಚೆಗೆ ಇಟ್ಟುಕೊಳ್ಳಬಹುದು, ದಂಡವಿಲ್ಲ. ಇದು ನಾವೇ ಮಾಡಿಕೊಂಡ 'ಬದು ರೂಲ್'. ದೇವಯ್ಯನವರು ಮನಸ್ಸಿಲ್ಲದೆ ಒಪ್ಪಿದ್ದಾರೆ.

24 ಫೆಬ್ರವರಿ, ಬುಧವಾರ

ದೇವಯ್ಯನವರು ಬೆಳಗಿನ ಮೊದಲ ಬಸ್ಸಿಗೇ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಇನ್‌ಲ್ಯಾಂಡ್ ಲೆಟರು. ಊಟಿಯಲ್ಲಿ ನೆಲೆಸಿರುವ ಅವರ ಹಳೇ ಸಾಹೇಬರು ಬರೆದದ್ದು. ಮೇ ಎಂಟಕ್ಕೆ ಹೊರ ಊರಿನ ಹೊಸ ಆಟಗಾರರಿಗಾಗಿ ಒಂದು ಸ್ಪರ್ಧೆ. ತಂಡಕ್ಕೆ ನಾಲ್ವರು, ಅದರಲ್ಲಿ ಚೆನ್ನಾಗಿ ಆಡಿದ ಮೂವರ ಲೆಕ್ಕ ಹಿಡಿಯುತ್ತಾರೆ.

"ನಿಜವಾದ ಹುಲ್ಲು ಕಣಪ್ಪಾ ಅಮೃತೇಶ. ಅದ್ನೆಂಟು ಗುಂಡಿ. ಒಂದ್ಸಲ ಆಡಿದ್ರೆ ಜನ್ಮ ಸಾರ್ಥ್ಕ," ಎಂದರು. ಹವಾಲ್ದಾರರ ಕಣ್ಣು ತೇವವಾದದ್ದನ್ನು ನಾನು ಇದೇ ಮೊದಲು ನೋಡಿದ್ದು.

ಎಸ್‌ಟಿಡಿ ಬೂತಿನಿಂದ ಚಿಕ್ಕಸ್ವಾಮಿಯ ಕಾರ್ಖಾನೆಗೆ ಫೋನು ಮಾಡಿದೆ. ಸುದ್ದಿ ಹೇಳಿದೆ. "ಅಮೃತೇಶಣ್ಣ, ಇನ್ನೊಂದ್ಸಲ ಹೇಳಿ," ಅಂದ. ಹೇಳಿದೆ. "ಇನ್ನೊಂದ್ಸಲ," ಅಂದ!

ತಂಡಕ್ಕೆ ಹೆಸರು ಸಂಗಮ. ನಾಲ್ವರಿಗೂ ಒಂದೇ ಥರದ ನೀಲಿ ಟೀ ಶರ್ಟು, ನೀಲಿ ಟೋಪಿ. ಇದು ನನ್ನ ಯೋಚನೆ. ಹೋದ ಕಡೆ ನಾಲ್ಕು ಜನ ಗುರುತಿಸಬೇಕಲ್ಲ.

14 ಮಾರ್ಚ್, ಭಾನುವಾರ

ಮೂವತ್ತೇಳು. (ನಾಲೆಯ ಕಡೆ ಹೋದ ಚೆಂಡನ್ನು ಬಿಟ್ಟು. ಅದು ಗಾಳಿಯ ತಪ್ಪು.)

ಇವತ್ತು ನನ್ನನ್ನು ಚೆನ್ನಾಗಿ ಗೋಳು ಹೊಯ್ದುಕೊಂಡರು. ಬದುವಿನ ಪಕ್ಕದ ಚೆಂಡನ್ನು ಎತ್ತಿದಾಗಲೆಲ್ಲ ನಾನು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಇಡುತ್ತೇನಂತೆ. ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತೆಂಟು ವರ್ಷ ಅಂಗಡಿಯಲ್ಲಿ ಕೂತು ದಿನಾ ಬೆಳಿಗ್ಗೆ ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಂಡ ಕೈ ಇದು. ಏನು ಸಿಕ್ಕಿದರೂ ಕಣ್ಣಿಗೆ ಒಯ್ಯುತ್ತದೆ. "ಸಾವ್ಕಾರ್ರ ಬೋಣಿ ಆಯ್ತು, ಇನ್ನು ಆಡೋಣ," ಎಂದು ಮದನ್ ನಗಾಡಿದರು. ಚಿಕ್ಕಸ್ವಾಮಿಯಂತೂ ನನ್ನಂತೆಯೇ ಬಗ್ಗಿ, ಹೊಟ್ಟೆ ಮುಂದಕ್ಕೆ ಬಿಟ್ಟು, ಚೆಂಡು ಎತ್ತಿ, ಕಣ್ಣು ಮುಚ್ಚಿ ಒತ್ತಿಕೊಂಡು ತೋರಿಸಿದ. ದೇವಯ್ಯನವರು ಕಣದ ಮೇಲೆ ಕೂತುಬಿಟ್ಟರು, ನಗು ತಡೆಯಲಾರದೆ.

"ಮನೇಲೂ ಮಾಡಿ ತೋರ್ಸಿದೀನಿ ಅಣ್ಣ. ನನ್ ಹೆಂಡ್ತಿ ಕೋಮಲಾಗೆ ನಿಮ್ಮನ್ನ ನೋಡ್ದೆ ಇದ್ರೂ ನಿಮ್ಮ ಕೈ ಗೊತ್ತು," ಅಂದ.

ನಾನೂ ನಕ್ಕೆ. ನಗದೆ ಏನು ಮಾಡುವುದು.

ಆಟ ಮುಗಿಸಿ ಎಲ್ಲರೂ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಶಿವರಂಜನಿ ಗಾಲ್ಫಿನವರಿಗೆಂದೇ ಪೇಪರ್ ಲೋಟ ತಂದಿಟ್ಟಿದ್ದಾಳೆ. ಎಲ್ಲರಿಗೂ ಅದರಲ್ಲೇ ಕಾಫಿ. ತೊಳೆಯುವ ತಾಪತ್ರಯವಿಲ್ಲ ಅನ್ನುತ್ತಾಳೆ. ಜಾಣೆ.

18 ಏಪ್ರಿಲ್, ಭಾನುವಾರ

ಇನ್ನು ಇಪ್ಪತ್ತು ದಿನ. ರಾತ್ರಿ ಕನಸಿನಲ್ಲೂ ಹುಲ್ಲು. ಅಂಗಡಿಯಲ್ಲಿ ಗಿರಾಕಿಗೆ ಎರಡಿಂಚಿನ ಪೈಪು ತೋರಿಸುತ್ತಾ ಅದನ್ನೇ ಕೋಲಿನಂತೆ ಬೀಸಿದೆನಂತೆ. ಅವನು ಹೆದರಿ ಹಿಂದೆ ಸರಿದ.

ಚಿಕ್ಕಸ್ವಾಮಿ ಇವತ್ತು ಒಂದು ಗುಟ್ಟು ಹೇಳಿದ. ಊಟಿಯಲ್ಲಿ ಮರ್ಯಾದೆಯಾಗಿ ಆಡಿ ಬಂದರೆ ಅವನ ಮ್ಯಾನೇಜರು ಮೈಸೂರಿನ ಕ್ಲಬ್ಬಿಗೆ ಅವನ ಹೆಸರು ಸೂಚಿಸಿ ಸಹಿ ಹಾಕುತ್ತಾರಂತೆ. "ನಮ್ಮಪ್ಪ ಕ್ಲಬ್ಬಿನ ಬೇಲಿ ಆಚೆ ಹುಲ್ಲು ಕುಯ್ತಿದ್ರು ಅಣ್ಣ. ಗೇಟಿಂದ ಒಳಗೆ ಹೋಗೋ ಮೊದಲ್ನೇವ್ನು ನಾನಾಗ್ತೀನಿ," ಅಂದ. ಸಂತೋಷವೇ. ಆದರೆ ಅವನಿಗಿಂತ ಚೆನ್ನಾಗಿ ಆಡುವ ನನಗೆ ಯಾರೂ ಸಹಿ ಹಾಕುತ್ತೇನೆ ಅಂದಿಲ್ಲ. ಹೊಟ್ಟೆಕಿಚ್ಚೇನಲ್ಲ, ಸುಮ್ಮನೆ ಬರೆದೆ.

7 ಮೇ, ಶುಕ್ರವಾರ, ಊಟಿ

ಬಂದೆವು! ಬಾಡಿಗೆ ಸುಮೋದಲ್ಲಿ ಗುಂಡ್ಲುಪೇಟೆ ದಾಟುವ ತನಕ ಹಾಡು, ಬಂಡೀಪುರದಲ್ಲಿ ಎರಡು ಆನೆ. ಶಿವರಂಜನಿ ಕಟ್ಟಿಕೊಟ್ಟ ಚಪಾತಿ, ದೇವಯ್ಯನವರ ಮನೆಯ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಕಲ್ಲಟ್ಟಿ ತಿರುವುಗಳಲ್ಲಿ ಮದನ್ ವಾಂತಿ ಮಾಡಿಕೊಂಡರು, ಚಿಕ್ಕಸ್ವಾಮಿ ಅವರ ತಲೆ ಹಿಡಿದುಕೊಂಡಿದ್ದ.

ಸಂಜೆ ಮೈದಾನ ನೋಡಲು ಹೋದೆವು. ಹುಲ್ಲೆಂದರೆ ಹುಲ್ಲು. ದೇವಯ್ಯನವರು ಚಪ್ಪಲಿ ಬಿಟ್ಟು ನಡೆದರು. ನಾವೂ ಬಿಟ್ಟೆವು. ಇಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

9 ಮೇ, ಭಾನುವಾರ

ಮೂರನೇ ಸ್ಥಾನ. ಕಪ್ ಬಂತು. ಊಟಿಯಲ್ಲಿ ಚಳಿ. ಬೇರೇನಿಲ್ಲ.

11 ಮೇ, ಮಂಗಳವಾರ

ಬರೆದಿಡುವುದು ಒಳ್ಳೆಯದು. ಮುಂದೆ ಯಾರಾದರೂ ಕೇಳಿದರೆ ನಡೆದದ್ದು ನಡೆದ ಹಾಗೆ ಹೇಳಬೇಕು.

ನಾನು, ಚಿಕ್ಕಸ್ವಾಮಿ ಒಂದು ಜೋಡಿ. ದೇವಯ್ಯನವರು, ಮದನ್ ಇನ್ನೊಂದು ಜೋಡಿ, ನಮಗಿಂತ ಮುಂದೆ. ಹದಿನಾಲ್ಕನೇ ಗುಂಡಿಗೆ ಬರುವ ಹೊತ್ತಿಗೆ ಮಂಜು ಇಳಿಯಿತು. ಇಬ್ಬರ ಚೆಂಡೂ ಎಡಗಡೆಯ ಮಣ್ಣಿನ ದಿಬ್ಬದ ಕಡೆ ಹೋದವು. ಹುಡುಕಿದೆವು. ನನ್ನ ಚೆಂಡು ದಿಬ್ಬಕ್ಕೆ ಒತ್ತಿಕೊಂಡು ನಿಂತಿತ್ತು, ಥೇಟ್ ಹೆಡತಲೆಯ ಬದುವಿನ ಹಾಗೆ.

ಎತ್ತಿ ಈಚೆಗಿಟ್ಟು ಹೊಡೆದೆ.

ಬೇಕೆಂದು ಮಾಡಿದ್ದಲ್ಲ. ನಾಲ್ಕು ತಿಂಗಳ ಅಭ್ಯಾಸ. ಮೂರು ಹೆಜ್ಜೆ ನಡೆದ ಮೇಲೆ ಇದು ಗದ್ದೆಯಲ್ಲ, ಇಲ್ಲಿ ಬದು ರೂಲ್ ಇಲ್ಲ ಎಂದು ಹೊಳೆಯಿತು. ಆಗಲೇ ಹೇಳಿದ್ದರೆ ಎರಡು ಹೊಡೆತ ಸೇರಿಸಿಕೊಂಡು ಮುಗಿಯುತ್ತಿತ್ತು. ಈ ಆಟದಲ್ಲಿ ಅಂಪೈರ್ ಇಲ್ಲ, ತಪ್ಪನ್ನು ಅವರವರೇ ಹೇಳಿಕೊಳ್ಳಬೇಕು. ಚಿಕ್ಕಸ್ವಾಮಿ ಇಪ್ಪತ್ತು ಹೆಜ್ಜೆ ಆಚೆ ಬಗ್ಗಿ ತನ್ನ ಚೆಂಡು ಹುಡುಕುತ್ತಿದ್ದ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆಮೇಲೆ ಹೊಡೆತಗಳ ಲೆಕ್ಕ ಬರೆದ ಕಾರ್ಡಿಗೆ ಸಹಿ ಹಾಕಿದೆ.

ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಸ್ಪರ್ಧೆ ನಡೆಸುವವರು ಬಂದರು. ಹಿಂದಿನ ಗುಂಪಿನವರು ಮಂಜಿನಲ್ಲಿ ನೋಡಿದ್ದರಂತೆ, ನೀಲಿ ಟೀ ಶರ್ಟಿನವರೊಬ್ಬರು ಹದಿನಾಲ್ಕರಲ್ಲಿ ಚೆಂಡನ್ನು ಕೈಯಲ್ಲಿ ಎತ್ತಿಟ್ಟರೆಂದು. ಮುಖ ಕಾಣಿಸಲಿಲ್ಲವಂತೆ. "ನಿಮ್ಮಿಬ್ಬರಲ್ಲಿ ಯಾರು?" ಎಂದು ಕೇಳಿದರು. ಜಗಲಿಯಲ್ಲಿದ್ದವರೆಲ್ಲ ಚಿಕ್ಕಸ್ವಾಮಿಯ ಕಡೆ ನೋಡಿದರು. ಯಾಕೋ ಗೊತ್ತಿಲ್ಲ.

ಚಿಕ್ಕಸ್ವಾಮಿ ಲೋಟ ಕೆಳಗಿಟ್ಟು, "ನನಗೆ ಸರಿಯಾಗಿ ನೆಪ್ಪಿಲ್ಲ ಸಾರ್. ನಮ್ಮೂರಲ್ಲಿ ಹಾಗೆ ಎತ್ತೋ ಅಭ್ಯಾಸ ಇದೆ. ನಾನಿದ್ರೂ ಇರಬೋದು," ಅಂದ.

ಅವನೇ ಅಂದದ್ದು. ನಾನೇನೂ ಅನ್ನಲಿಲ್ಲ.

ತಪ್ಪು ಲೆಕ್ಕಕ್ಕೆ ಸಹಿ ಹಾಕಿದ್ದಾನೆಂದು ಅವನ ಕಾರ್ಡು ರದ್ದಾಯಿತು. ಉಳಿದ ಮೂವರ ಲೆಕ್ಕಕ್ಕೆ ಮೂರನೇ ಸ್ಥಾನ ಬಂತು. ವಾಪಸು ಬರುವಾಗ ಸುಮೋದ ಹಿಂದಿನ ಸೀಟಿನಲ್ಲಿ ಚೀಲಗಳ ಜೊತೆ ಅವನು ಕೂತಿದ್ದ. ಇಳಿಜಾರಿನ ತಿರುವುಗಳಲ್ಲಿ ಕಪ್ ಉರುಳದ ಹಾಗೆ ಮಡಿಲಲ್ಲಿ ಹಿಡಿದುಕೊಂಡು ಬಂದ. ಯಾರೂ ಹಿಡಿದುಕೋ ಅಂದಿರಲಿಲ್ಲ.

16 ಮೇ, ಭಾನುವಾರ

ಊರೆಲ್ಲ ವಿಶ್ವಕಪ್ ಕ್ರಿಕೆಟ್ಟಿನ ಮುಂದೆ ಕೂತಿದೆ, ಆದರೂ ಮೈಸೂರಿನ ಪೇಪರಿನಲ್ಲಿ ನಮ್ಮ ಫೋಟೋ ಬಂದಿದೆ. ಮದನ್ ಕಳಿಸಿದ್ದು. ಕಪ್ ನಡುವೆ, ಒಂದು ಕಡೆ ದೇವಯ್ಯನವರು, ಒಂದು ಕಡೆ ಮದನ್, ನಾನು ಕಪ್ಪಿನ ಹಿಡಿ ಹಿಡಿದಿದ್ದೇನೆ. ಫೋಟೋದ ಅಂಚಿನಲ್ಲಿ ಒಂದು ನೀಲಿ ತೋಳು ಅರ್ಧ ಕಾಣುತ್ತದೆ. ಪೇಪರಿನವರು ಅಷ್ಟಕ್ಕೇ ಕತ್ತರಿಸಿದ್ದಾರೆ.

ಗಿರಾಕಿಗಳು ಕಪ್ ಮುಟ್ಟಿ ಮುಟ್ಟಿ ನೋಡುತ್ತಾರೆ. "ಬೆಳ್ಳಿನಾ ಸಾವ್ಕಾರ್ರೇ?" ಅನ್ನುತ್ತಾರೆ. ಮೊದಲು ಗಲ್ಲಾದ ಪಕ್ಕ ಇಟ್ಟಿದ್ದೆ. ಕೂತಲ್ಲಿಂದ ಕಣ್ಣಿಗೆ ಬೀಳುತ್ತಿತ್ತು. ಈಗ ಹಿಂದೆ, ಪೈಪುಗಳ ಕಡೆ ಇಟ್ಟಿದ್ದೇನೆ. ಧೂಳು ಕೂರಬಾರದು ಎಂದು.

ಚಿಕ್ಕಸ್ವಾಮಿ ಇವತ್ತು ಆಟಕ್ಕೆ ಬರಲಿಲ್ಲ. ಓವರ್‌ಟೈಮ್ ಇರಬೇಕು.

23 ಮೇ, ಭಾನುವಾರ

ವರ್ತಕರ ಸಂಘದಲ್ಲಿ ಸನ್ಮಾನ ಮಾಡಿದರು. ಪೇಟ, ಶಾಲು, ಹಣ್ಣಿನ ಬುಟ್ಟಿ. ಮದನ್ ಭಾಷಣ ಮಾಡುತ್ತ, "ನಮ್ಮಲ್ಲೊಬ್ಬರಿಗೆ ರೂಲ್ಸ್ ತಿಳೀದೆ ಒಂದು ಸಣ್ಣ ಕಿರಿಕಿರಿ ಆಯ್ತು. ಅವರನ್ನೂ ದೂರೋ ಹಾಗಿಲ್ಲ, ಎಲ್ಲಾರ್ಗೂ ಒಂದೇ ಥರ ಸಂಸ್ಕಾರ ಇರಲ್ವಲ್ಲ. ಆದ್ರೂ ಅಮೃತೇಶ್ ಸಾರ್ ನಮ್ಮ ಮಾನ ಕಾಪಾಡಿದ್ರು," ಎಂದರು. ಜನ ಚಪ್ಪಾಳೆ ತಟ್ಟಿದರು. ಪೇಟದೊಳಗೆ ನೆತ್ತಿ ಬೆವತು ನೀರು ಕಿವಿಯ ಹಿಂದೆ ಇಳಿಯಿತು. ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಎದ್ದೆ. "ಎಲ್ಲರಿಗೂ ನಮಸ್ಕಾರ" ಎಂದು ಕೂತೆ.

ಮನೆಗೆ ಬಂದು ಮುಖ ತೊಳೆದೆ. ಇನ್ನೊಮ್ಮೆ ತೊಳೆದೆ. ಶಿವರಂಜನಿ, "ಯಾಕ್ರೀ, ಪೇಟದ ಬಣ್ಣ ಬಿಡ್ತಾ?" ಅಂದಳು. ಹೌದು ಅಂದೆ.

30 ಮೇ, ಭಾನುವಾರ

ಆಟವಿಲ್ಲ. ದೇವಯ್ಯನವರು ರೇಡಿಯೋ ಬಿಟ್ಟು ಏಳುವುದಿಲ್ಲ. ಕಾರ್ಗಿಲ್ ಗುಡ್ಡ ಹತ್ತುತ್ತಿರುವ ನಮ್ಮ ಸೈನ್ಯದ ಹುಡುಗರ ಚಿಂತೆ ಅವರಿಗೆ. ಕಣದ ಮೇಲೆ ಕೂತು ಸುದ್ದಿ ಕೇಳಿದೆವು. ಸುದ್ದಿ ಮುಗಿದ ಮೇಲೆ ಅವರೇ ಶುರು ಮಾಡಿದರು.

"ಚಿಕ್ಕಸ್ವಾಮಿ ಕೋಲಿನ ಚೀಲಾನ ಮ್ಯಾನೇಜ್ರಿಗೆ ವಾಪ್ಸು ಕೊಟ್ಬುಟ್ನಂತೆ. ಕ್ಲಬ್ಬಿನ ಸಹಿ ಕತೆನೂ ಅಷ್ಟೇಯ. 'ಈ ವರ್ಷ ಬ್ಯಾಡ, ನೋಡನ' ಅಂದ್ರಂತೆ ಮ್ಯಾನೇಜ್ರು."

ನಾನು ಕೂಳೆಯನ್ನು ಕೀಳುತ್ತಾ ಕೂತಿದ್ದೆ.

"ಅದು ಓಗ್ಲಿ. ನಿನ್ನೆ ಬಸ್ಸಲ್ಲಿ ಸಿಕ್ಕಿದ್ದ. ಕಂಡಕ್ಟ್ರು ಕೊಟ್ಟ ಚಿಲ್ರೆನ ಮೂರ್ ಸಲ ಎಣ್ಸುದ ಕಣಪ್ಪ. ಯಾಕ್ಲಾ ಅಂದ್ರೆ, 'ನನ್ ಮೇಲೆ ನಂಗೆ ನಂಬ್ಕೆ ಓಗದೆ ದೇವಯ್ಯಣ್ಣ' ಅಂತಾನೆ. ಸ್ಟೋರ್ಸ್ ಕೆಲ್ಸ ಬುಟ್ಟು ಬ್ಯಾರೆ ಕಡೆ ಆಕಿ ಅಂತ ಅರ್ಜಿ ಬ್ಯಾರೆ ಕೊಟ್ಟವ್ನಂತೆ. ಇಪ್ಪತ್ ವರ್ಸದಲ್ಲಿ ಒಂದ್ ಮೊಳೆ ಕಮ್ಮಿ ಬಂದಿಲ್ಲ ಅವನ ಲೆಕ್ಕದಲ್ಲಿ."

ಮನೆಗೆ ಬೇಗ ಬಂದೆ. ಬಸ್ಸು ತಪ್ಪಬಾರದು ಎಂದು.

6 ಜೂನ್, ಭಾನುವಾರ

ಏನೂ ಇಲ್ಲ.

13 ಜೂನ್, ಭಾನುವಾರ

ನಾಚಿಕೆಯಾಗುತ್ತದೆ. ಈ ಮಾತನ್ನು ಬರೆಯುವುದಕ್ಕೇ ಐದು ವಾರ ಹಿಡಿಯಿತು. ಅಂಗಡಿಯಲ್ಲಿ ಯಾರಾದರೂ ನನ್ನನ್ನು ಹೊಗಳಿದರೆ ನಾಚಿಕೆ. ಕನ್ನಡಿಯಲ್ಲಿ ಕ್ಷೌರ ಮಾಡಿಕೊಳ್ಳುವಾಗ ನಾಚಿಕೆ. ಅಳತೆಯಲ್ಲಿ ಒಂದಿಂಚು ಪೈಪು ಕಡಿಮೆ ಕೊಟ್ಟವನಲ್ಲ ನಾನು, ಅಪ್ಪನೂ ಕೊಟ್ಟವರಲ್ಲ. ಎರಡು ಹೊಡೆತಕ್ಕಾಗಿ ಒಬ್ಬ ಮನುಷ್ಯನನ್ನು ಕೊಟ್ಟುಬಿಟ್ಟೆ.

ಬಾಯಿ ಬಿಡದೆ ಇದ್ದದ್ದು ಕಪ್ಪಿನ ಆಸೆಗಲ್ಲ, ಅದು ಸುಳ್ಳು. ಆಸೆಯೂ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಆ ಜಗಲಿಯಲ್ಲಿ ಇಂಗ್ಲಿಷ್ ಮಾತಾಡುವ ಅಷ್ಟು ಜನರೆದುರು ತಪ್ಪಿತಸ್ಥನಾಗಿ ನಿಲ್ಲುವುದಕ್ಕೆ ನನ್ನಿಂದ ಆಗಲಿಲ್ಲ. ಅವನು ನಿಂತ. ಮಾಡದ ತಪ್ಪಿಗೆ ನಿಂತ. ಅವನು ನಿಂತಿದ್ದಾನಲ್ಲ, ಇನ್ನು ನಾನೇಕೆ ಅನ್ನಿಸಿತು.

ಶಿವರಂಜನಿಗೆ ಬೆಳಿಗ್ಗೆ ಹೇಳಿದೆ. ಅವಳು ಒಲೆ ಆರಿಸಿ ಪೂರ್ತಿ ಕೇಳಿಸಿಕೊಂಡಳು. "ನನ್ ಹತ್ರ ಹೇಳಿ ಏನ್ ಬಂತು? ಅವರ ಮನೆ ಎಲ್ಲಿದೆ ಗೊತ್ತಾ ನಿಮಗೆ?" ಅಂದಳು.

ಗೊತ್ತಿರಲಿಲ್ಲ.

20 ಜೂನ್, ಭಾನುವಾರ

ದೇವಯ್ಯನವರಿಂದ ವಿಳಾಸ ಪಡೆದು ಬೆಳಗಿನ ಬಸ್ಸಿಗೆ ನಂಜನಗೂಡಿಗೆ ಹೋದೆ. ರೈಲ್ವೆ ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಮನೆ. ಬಾಗಿಲ ಪಕ್ಕ ಡಾಲ್ಡಾ ಡಬ್ಬದಲ್ಲಿ ತುಳಸಿ. ನಮ್ಮ ಗುಂಡಿಗಳ ಡಬ್ಬಗಳೆಲ್ಲ ಈ ಮನೆಯಿಂದಲೇ ಬಂದಿದ್ದವು ಎಂದು ಆಗ ನೆನಪಾಯಿತು.

ಚಿಕ್ಕಸ್ವಾಮಿ ಬನಿಯನ್ನಿನಲ್ಲಿದ್ದವರು ಅಂಗಿ ಹಾಕಿಕೊಂಡು ಬಂದು ಕುರ್ಚಿ ಒರೆಸಿದರು. ಸೊರಗಿದ್ದಾರೆ. ಅವರ ಹೆಂಡತಿ ಕೋಮಲ ಪ್ರೈಮರಿ ಶಾಲೆಯ ಮೇಡಮ್ಮು. ತಾಮ್ರದ ಚೊಂಬಿನಲ್ಲಿ ನೀರು ತಂದಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು, ನಾನು ಕುಡಿಯುತ್ತೇನೋ ಇಲ್ಲವೋ ನೋಡುವವರಂತೆ. ಚೊಂಬು ಎತ್ತಿ ಅಷ್ಟೂ ಕುಡಿದೆ. ಬಾಯಿ ನಿಜಕ್ಕೂ ಒಣಗಿತ್ತು.

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. "ಹದಿನಾಲ್ಕರಲ್ಲಿ ಚೆಂಡು ಎತ್ತಿದ್ದು ನಾನು. ನೀವಲ್ಲ," ಎಂದೆ.

ಚಿಕ್ಕಸ್ವಾಮಿ ನಕ್ಕರು. ನಕ್ಕು, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

"ಬಿಡಿ ಅಮೃತೇಶಣ್ಣ. ದೇವಯ್ಯಣ್ಣ ಏನೋ ಹೇಳವ್ರೆ, ನನ್ನ ಸಮಾಧಾನಕ್ಕೆ ನೀವು ಬಂದಿದೀರಾ. ನಿಮ್ಮ ಮನಸ್ಸು ದೊಡ್ದು. ನಾನ್ ಮಾಡಿದ್ನ ನೀವ್ಯಾಕೆ ಹೊತ್ಕೊತೀರಾ?"

"ಇಲ್ಲ ಚಿಕ್ಕಸ್ವಾಮಿ, ನಾನೇ."

"ಮೊದ್ಲು ನಂಗೂ ನೆಪ್ಪಿರ್ಲಿಲ್ಲ. ಇಲ್ಲ ಅಂತಾನೇ ಅನ್ನಿಸ್ತಿತ್ತು. ದಿನಾ ಕೂತ್ಕೊಂಡು ಯೋಚ್ನೆ ಮಾಡ್ತಾ ಮಾಡ್ತಾ ಈಗ ಎಲ್ಲಾ ಕಣ್ ಮುಂದೆ ಬತ್ತದೆ. ಸಿನಿಮಾ ನೋಡ್ದಂಗೆ."

ಈ ಮನುಷ್ಯ ಆರು ವಾರ ಕೂತು ನನ್ನ ತಪ್ಪನ್ನು ತನ್ನ ತಲೆಯಲ್ಲಿ ಬೆಳೆಸಿಕೊಂಡಿದ್ದಾರೆ. ಸತ್ಯ ಹೇಳಲು ಹೋದರೆ ನನಗೆ ದೊಡ್ಡ ಮನಸ್ಸಿನವನೆಂಬ ಹೆಸರು ಬರುತ್ತಿದೆ! ಇದಕ್ಕಿಂತ ಮುಖಕ್ಕೆ ಉಗಿದಿದ್ದರೆ ವಾಸಿಯಿತ್ತು.

"ಏನು ನೆನಪಿದೆ? ಹೇಳಿ," ಅಂದೆ.

"ಮಂಜು. ಆ ಮಣ್ಣಿನ ದಿಬ್ಬ. ಬಗ್ಗಿ ಚೆಂಡು ಎತ್ತಿದ್ದು. ಎತ್ತಿ, ಕಣ್ಣಿಗೊತ್ಕೊಂಡು, ಈಚೆಗಿಟ್ಟಿದ್ದು..."

"ಇನ್ನೊಂದ್ಸಲ ಹೇಳಿ," ಎಂದರು ಕೋಮಲ ಬಾಗಿಲಿಂದ.

"ಎತ್ತಿ, ಕಣ್ಣಿಗೊತ್ಕೊಂಡು..." ಚಿಕ್ಕಸ್ವಾಮಿಯವರ ಕೈ ಮಾತಿನ ಜೊತೆಗೇ ಮೇಲೆದ್ದು ಕಣ್ಣಿನ ಹತ್ತಿರ ಹೋಗಿತ್ತು. ಅಲ್ಲೇ ನಿಂತಿತು.

"ಅದು ನಿಮ್ಮ ಕೈ ಅಲ್ಲ ಕಣ್ರೀ," ಅಂದರು ಕೋಮಲ. "ಅಂಗಡಿಯೋರ ಕೈ. ಈ ಮನೇಲಿ ಎಷ್ಟ್ ಸಲ ಮಾಡಿ ತೋರಿಸಿಲ್ಲ ನೀವು."

ಸ್ಟೇಷನ್ನಿನಲ್ಲಿ ಚಾಮರಾಜನಗರದ ಗಾಡಿ ಬಂದು ನಿಂತ ಸದ್ದು, ಮತ್ತೆ ಹೊರಟ ಸದ್ದು. ಚಿಕ್ಕಸ್ವಾಮಿ ತಮ್ಮ ಕೈಯನ್ನೇ ತಿರುವಿ ತಿರುವಿ ನೋಡುತ್ತಿದ್ದರು.

"ಹಂಗಾದ್ರೆ ನಾನು ನೋಡಿದ್ದೆ," ಎಂದರು ಕೊನೆಗೆ, ಮೆಲ್ಲಗೆ. "ನಿಮ್ಮನ್ನ ನೋಡಿದ್ದೆ. ನೀವು ಅಂತ ನಂಗೆ ಹೊಳೀಲೇ ಇಲ್ವಲ್ಲ ಅಣ್ಣ. ನಾನೇ ಅಂತ ಹೊಳೀತು."

ಕೋಮಲ ಒಳಗೆ ಬಂದು ಖಾಲಿ ಚೊಂಬು ಎತ್ತಿಕೊಂಡರು. "ಅವತ್ತು ಕೇಳ್ದಾಗ ಅಲ್ಲಿದ್ದೋರೆಲ್ಲ ಇವ್ರ ಮುಖಾನೇ ಯಾಕ್ ನೋಡಿದ್ರು? ನಿಮ್ಮಿಬ್ಬರದೂ ಒಂದೇ ಟೀ ಶರ್ಟಲ್ವಾ? ಅದನ್ನೊಂದು ಹೇಳ್ಬುಟ್ಟು ಹೋಗಿ."

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಮೇ ಹನ್ನೊಂದರಂದು ಎಲ್ಲರೂ ನೋಡಿದರು ಎಂದು ಬರೆದಿದ್ದೇನೆ. ಎತ್ತಿದವನು ನಾನೇ ಎಂದು ಗೊತ್ತಿದ್ದೂ, ಎಲ್ಲರಿಗಿಂತ ಮೊದಲು ಚಿಕ್ಕಸ್ವಾಮಿಯವರ ಮುಖ ನೋಡಿದವನು ನಾನು. ನಾನು ನೋಡಿದ ಮೇಲೆ ಉಳಿದವರು ನೋಡಿದರು.

ಹೊರಡುವಾಗ ಚಿಕ್ಕಸ್ವಾಮಿ ಬಾಗಿಲ ತನಕ ಬರಲಿಲ್ಲ. ಹೆಡತಲೆಯಲ್ಲಿ ಆಟ ಮುಗಿದಾಗಲೆಲ್ಲ ನನ್ನನ್ನು ಬಸ್ಸು ಹತ್ತಿಸಿಯೇ ಹೋಗುತ್ತಿದ್ದವರು.

25 ಜೂನ್, ಶುಕ್ರವಾರ

ಊಟಿಗೆ ಕಾಗದ ಬರೆದು, ಕಪ್ಪನ್ನು ಗೋಣಿಯಲ್ಲಿ ಹೊಲಿದು ಪಾರ್ಸೆಲ್ ಕಳಿಸಿದೆ. ಕಾಗದದ ಒಂದೊಂದು ಪ್ರತಿ ಚಿಕ್ಕಸ್ವಾಮಿಯವರ ಮ್ಯಾನೇಜರಿಗೆ, ಪೇಪರಿನವರಿಗೆ. ಪೇಪರಿನವರು ಹಾಕಲಾರರು, ಆದರೂ.

ಸಂಜೆ ವರ್ತಕರ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಶಾಲನ್ನು ಮೇಜಿನ ಮೇಲಿಟ್ಟೆ. ಯಾರೂ ಬೈಯಲಿಲ್ಲ, ಅದೇ ಕಷ್ಟವಾದದ್ದು. ಕೆಲವರು ಕೆಮ್ಮಿದರು. ಅಧ್ಯಕ್ಷರು ಮುಂದಿನ ವಿಷಯ ತೆಗೆದುಕೊಂಡರು. ಹೊರಗೆ ಮದನ್ ತಡೆದು, "ಮುಗಿದುಹೋದದ್ದನ್ನ ಯಾಕೆ ಕೆದಕ್ತೀರಾ ಸಾರ್? ಈಗ ನಮ್ಮೆಲ್ಲರ ಮರ್ಯಾದೆ ಹೋಯ್ತು," ಅಂದ. ನಿಮ್ಮ ಭಾಷಣ ಕೇಳಿ ನಾನು ಸುಮ್ಮನೆ ಕೂತ ದಿನವೇ ಅದು ಹೋಗಿತ್ತು ಡಾಕ್ಟ್ರೇ, ಅಂದೆ. ಅವನು ಸ್ಕೂಟರ್ ಹತ್ತಿ ಹೋದ.

ದೇವಯ್ಯನವರಿಗೂ ಹೇಳಿದೆ. "ಎಲ್ಡ್ ಹೊಡ್ತ ಕಣಪ್ಪಾ," ಎಂದರು ಆಮೇಲೆ. "ಬರೀ ಎಲ್ಡ್ ಹೊಡ್ತ ಇತ್ತು." ಅವರೂ ಅವತ್ತು ಆ ಜಗಲಿಯಲ್ಲಿದ್ದರು. ಅದಕ್ಕೇ ಇರಬೇಕು, ತಲೆಯೆತ್ತಿ ನನ್ನನ್ನು ನೋಡಲಿಲ್ಲ.

5 ಜುಲೈ, ಸೋಮವಾರ

ನಿನ್ನೆ ಒಬ್ಬನೇ ಹೆಡತಲೆಗೆ ಹೋಗಿದ್ದೆ. ನಾಲೆಗೆ ನೀರು ಬಿಡುತ್ತಾರೆ, ನಾಳಿದ್ದು ಉಳುಮೆಯಂತೆ. ಕಣಗಳೆಲ್ಲ ಮಳೆಗೆ ಕರಗಿವೆ. ಕೊನೆಯ ಸಲ ಏಳು ಗುಂಡಿ ಆಡಿದೆ. ಐದನೆಯದರಲ್ಲಿ ಚೆಂಡು ಬದುವಿಗೆ ಒತ್ತಿಕೊಂಡಿತು, ಅಲ್ಲಿಂದ ಹೊರಗೆ ಬರಲು ಆರು ಹೊಡೆತ ಹಿಡಿಯಿತು. ಒಟ್ಟು ಐವತ್ತೆಂಟು. ಎಮ್ಮೆ ಎರಡು ಸಲ ಕೂಗಿತು. ಯಾಕೋ ನನ್ನ ಆಟ ಬಹಳ ಹಾಳಾಗಿದೆ.

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಊದುಬತ್ತಿ ಹಚ್ಚಿ ತಿರುಗಿದರೆ ಚಿಕ್ಕಸ್ವಾಮಿ ನಿಂತಿದ್ದಾರೆ. ಮೊದಲ ಗಿರಾಕಿ.

"ಅರ್ಧ ಇಂಚಿನ ನಲ್ಲಿ ಒಂದು ಕೊಡಿ," ಎಂದರು.

ನಂಜನಗೂಡಿನಲ್ಲಿ ನಲ್ಲಿ ಸಿಗುವ ಅಂಗಡಿ ಹತ್ತಾದರೂ ಇವೆ. ನಾನು ಕೇಳಲಿಲ್ಲ. ಹಿತ್ತಾಳೆಯದು ತೆಗೆದುಕೊಟ್ಟೆ. ಅವರು ತಿರುಗಿಸಿ ನೋಡಿ ಚೀಲಕ್ಕೆ ಹಾಕಿಕೊಂಡು ನೂರರ ನೋಟು ಕೊಟ್ಟರು. ಬೋಣಿ. ನೋಟು ಹಿಡಿದ ಕೈ ತಾನಾಗಿಯೇ ಮೇಲೆದ್ದಿತು. ಅವರು ಆ ಕೈಯನ್ನೇ ನೋಡುತ್ತಿದ್ದರು. ಕೈ ಎದೆಯ ಹತ್ತಿರ ನಿಂತುಬಿಟ್ಟಿತು. ಮೇಲಕ್ಕೂ ಹೋಗದು, ಕೆಳಗೂ ಇಳಿಯದು.

"ಒತ್ಕೊಳ್ಳಿ," ಎಂದರು ಚಿಕ್ಕಸ್ವಾಮಿ. "ಅದು ನಿಮ್ದು, ನಂದಲ್ಲ."

ಒತ್ತಿಕೊಂಡೆ. ಎರಡೂ ಕಣ್ಣಿಗೆ, ಅವರು ನೋಡುತ್ತಿರುವಂತೆಯೇ. ನೋಟು ಒದ್ದೆಯಾಯಿತು.

ಅವರು ಅಣ್ಣ ಎನ್ನಲಿಲ್ಲ. ಕೂರಲೂ ಇಲ್ಲ. ನಾನು ಕೊಟ್ಟ ಚಿಲ್ಲರೆಯನ್ನು ಒಂದೇ ಒಂದು ಸಲ ಎಣಿಸಿ, ಜೇಬಿಗೆ ಹಾಕಿಕೊಂಡು, ನಂಜನಗೂಡಿನ ಬಸ್ಸಿಗೆ ಹೋದರು.